ರಿಸರ್ವಾಯರ್ ಡೇಟಾ ನೋಡೋಕೆ ಯಾವುದು ಒಳ್ಳೇದು: ರೆಸ್‌ಇನ್‌ಸೈಟ್, ಪ್ಯಾರಾವ್ಯೂ, ವಿಆರ್ ಹೆಡ್‌ಸೆಟ್

ರಿಸರ್ವಾಯರ್ ಅಂದರೆ ಇಲ್ಲಿ ಅಣೆಕಟ್ಟಲ್ಲ, ನೆಲದಡಿ ಎಣ್ಣೆ ತುಂಬಿದ ಬಂಡೆ. ಅದರ ಡೇಟಾವನ್ನು 3ಡಿ ಚಿತ್ರವಾಗಿ ತೋರಿಸುವ ಸಾಫ್ಟ್‌ವೇರ್‌ಗಳು ರೆಸ್‌ಇನ್‌ಸೈಟ್, ಪ್ಯಾರಾವ್ಯೂ. ವಿಆರ್ ಹೆಡ್‌ಸೆಟ್ ಕಣ್ಣಿಗೆ ಕಟ್ಟಿಕೊಂಡರೆ ಆ ಚಿತ್ರದೊಳಗೇ ನಿಂತಂತೆ ಇರುತ್ತದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ರೆಸ್‌ಇನ್‌ಸೈಟ್‌ಗೆ. ದುಡ್ಡು ಕೊಟ್ಟು ವಿಆರ್ ಹೆಡ್‌ಸೆಟ್ ತಂದಮೇಲೂ ಅದೇ ಮಾತು. ತುಮಕೂರಿನಲ್ಲಿ ಕೂತು ಇಂಥ ಪ್ರಾಜೆಕ್ಟ್ ಮಾಡುವ ಎಂಜಿನಿಯರಿಂಗ್ ಹುಡುಗರು ಕೇಳುತ್ತಿರುತ್ತಾರೆ, ಅವರಿಗಾಗಿ ಬರೆಯುತ್ತಿದ್ದೇನೆ.

ಮೂರರಲ್ಲೂ ನೋಡಿದ್ದು ಒಂದೇ ಮಾದರಿ (ಕ್ಷೇತ್ರದ ಕಂಪ್ಯೂಟರ್ ನಕಲು): ನಾರ್ವೆ ಕಡಲಿನ ನಾರ್ನೆ ಎಣ್ಣೆ ಕ್ಷೇತ್ರ. ಅಲ್ಲಿ 1997ರಿಂದ ಎಣ್ಣೆ ತೆಗೆಯುತ್ತಿದ್ದಾರೆ. ಮಾದರಿ ಎಲ್ಲರಿಗೂ ಸಿಗುತ್ತದೆ, ಬಂಡೆಯೊಳಗೆ ಎಣ್ಣೆ, ನೀರು ಹೇಗೆ ಹರಿಯುತ್ತವೆ ಎಂದು ಲೆಕ್ಕ ಹಾಕುವ ಓಪಿಎಂ ಫ್ಲೋ ಎಂಬ ಉಚಿತ ಸಿಮ್ಯುಲೇಟರ್‌ನಲ್ಲಿ ಓಡುತ್ತದೆ. ಬಂಡೆಯನ್ನು ಸಣ್ಣ ಡಬ್ಬಿಗಳಂತೆ (ಸೆಲ್) ಭಾಗ ಮಾಡಿದ ಗ್ರಿಡ್ 46×112×22, ಅಂದರೆ 1,13,344 ಸೆಲ್‌ಗಳು. ನಮ್ಮ ಕಡೆ ಬೋರ್‌ವೆಲ್ ನೀರು ಸಿಗುವುದು ಗಟ್ಟಿ ಬಂಡೆಯ ಬಿರುಕುಗಳಲ್ಲಿ. ಅಲ್ಲಿ ಎಣ್ಣೆ ಇರುವುದು ಮರಳುಗಲ್ಲಿನ ಸಣ್ಣ ಸಣ್ಣ ರಂಧ್ರಗಳಲ್ಲಿ. ಕೆಲವು ಬಾವಿಗಳಿಂದ ನೀರು ಒಳಗೆ ಒತ್ತಿ, ಎಣ್ಣೆಯನ್ನು ಬೇರೆ ಬಾವಿಗಳತ್ತ ತಳ್ಳುತ್ತಾರೆ. ಆ ನೀರು ಯಾವ ಪದರದಲ್ಲಿ ಬೇಗ ನುಗ್ಗಿತು, ಯಾವ ಫಾಲ್ಟ್ (ಬಂಡೆ ಬಿರಿದು ಜಾರಿದ ಜಾಗ) ಹತ್ತಿರ ನಿಂತಿತು, ಎಣ್ಣೆ ಎಲ್ಲಿ ಹಿಂದೆ ಉಳಿಯಿತು? ಇದನ್ನು ನೋಡೋಕೇ ಅಲ್ವಾ ಇಷ್ಟೆಲ್ಲಾ ಮಾಡುವುದು.

ಹೆಡ್‌ಸೆಟ್ ಕೈಕೊಡುವುದು ಸರಿಯಾಗಿ ಇಲ್ಲೇ. ಪ್ಯಾರಾವ್ಯೂನ ವಿಆರ್ ಪ್ಲಗಿನ್ ಮೂಲಕ ಮಾದರಿ ತೆರೆದರೆ ಮೊದಲ ನೋಟ ತುಂಬಾ ಚೆನ್ನಾಗಿರುತ್ತದೆ. ಆದರೆ ಸಿಮ್ಯುಲೇಟರ್ ಲೆಕ್ಕ ಹಾಕಿಟ್ಟ ಒಂದು ತಿಂಗಳ ಚಿತ್ರದಿಂದ ಮುಂದಿನ ತಿಂಗಳಿಗೆ ಹೋಗು ಎಂದ ತಕ್ಷಣ ಕಂಪ್ಯೂಟರ್ ಹೊಸ ಫೈಲ್ ಓದಬೇಕು, ಮೇಲ್ಮೈ ಮತ್ತೆ ಲೆಕ್ಕ ಹಾಕಬೇಕು, ಬಣ್ಣ ಬಳಿಯಬೇಕು. ಅಷ್ಟು ಹೊತ್ತು ಚಿತ್ರ ನಿಂತುಬಿಡುತ್ತದೆ. ಹೆಡ್‌ಸೆಟ್‌ಗೆ ಸೆಕೆಂಡಿಗೆ 72ರಿಂದ 90 ಚಿತ್ರ ಬೇಕು, ಅದೂ ಎರಡು ಕಣ್ಣಿಗೆ ಬೇರೆ ಬೇರೆ. ಅದು ಸಿಗದಿದ್ದರೆ ತಲೆ ತಿರುಗಿಸಿದರೂ ಎದುರಿನ ಬಂಡೆ ಅಲ್ಲೇ ಅಂಟಿಕೊಂಡಿರುತ್ತದೆ. ಹೊಟ್ಟೆ ತೊಳಸುತ್ತದೆ. ಮಾನಿಟರ್‌ನಲ್ಲಿ ಅಷ್ಟೇ ತಡವಾದರೆ ನಮಗೆ ಗೊತ್ತೂ ಆಗುವುದಿಲ್ಲ.

ಇದಕ್ಕೆ ದಾರಿ ಇದೆ. ನೀರು ತುಂಬಿದ ಸೆಲ್‌ಗಳನ್ನಷ್ಟೇ ಥ್ರೆಶೋಲ್ಡ್ ಫಿಲ್ಟರ್‌ನಿಂದ ಬೇರೆ ಮಾಡಿ, ಕೆಲವೇ ದಿನಾಂಕಗಳಿಗೆ ಚಿಕ್ಕ ಫೈಲ್ ಉಳಿಸಿಕೊಂಡರೆ ತಡ ಕಡಿಮೆಯಾಗುತ್ತದೆ. ಆದರೆ ಏನು ನೋಡಬೇಕು ಅಂತ ಮೊದಲೇ ತೀರ್ಮಾನ ಮಾಡಿರಬೇಕು. ನೋಡುತ್ತಿರುವಾಗ ಹೊಸ ಪ್ರಶ್ನೆ ಹುಟ್ಟಿದರೆ ಹೆಡ್‌ಸೆಟ್ ಕಳಚಿ ಮತ್ತೆ ಕೀಬೋರ್ಡ್‌ಗೇ ಬರಬೇಕು. ನನಗೆ ಪ್ರಶ್ನೆಗಳು ಹುಟ್ಟುವುದೇ ನೋಡುತ್ತಿರುವಾಗ.

ಪ್ಯಾರಾವ್ಯೂ ಬರೀ ಮಾನಿಟರ್‌ನಲ್ಲಿ ಬಲು ಗಟ್ಟಿ. ಓಪಿಎಂ ಫ್ಲೋ ಓಡಿಸುವಾಗಲೇ ವಿಟಿಕೆ ಔಟ್‌ಪುಟ್ (ಪ್ಯಾರಾವ್ಯೂ ಓದುವ ಥರದ ಫೈಲ್) ಬೇಕು ಎಂದು ಹೇಳಿರಬೇಕು, ಅಷ್ಟೇ.

ರೆಸ್‌ಇನ್‌ಸೈಟ್‌ಗೆ ಅದೂ ಬೇಡ. ಫ್ಲೋ ಬರೆದಿಡುವ ಈಗ್ರಿಡ್ ಎಂಬ ಗ್ರಿಡ್ ಫೈಲ್ ತೆರೆದರೆ ಸಾಕು, ಫಾಲ್ಟ್‌ಗಳು, ಬಾವಿಗಳ ಹೆಸರು, ದಿನಾಂಕಗಳು ತಾವೇ ಬರುತ್ತವೆ. ನಾರ್ನೆ ಸುಮಾರು 9 ಕಿಲೋಮೀಟರ್ ಉದ್ದ. ಎಣ್ಣೆ, ಗ್ಯಾಸ್ ಸೇರಿದರೂ ದಪ್ಪ ನೂರು ಚಿಲ್ಲರೆ ಮೀಟರ್ ಮಾತ್ರ. ಎತ್ತರವನ್ನು ಹಿಗ್ಗಿಸದಿದ್ದರೆ ಅದು ದೋಸೆ ಥರ ಕಾಣುತ್ತದೆ. ಆ ಹಿಗ್ಗಿಸುವ ಬಟನ್ ಇಲ್ಲಿ ಕಣ್ಣೆದುರಿಗೇ ಇದೆ. ಇದೂ ಉಚಿತ.

ವಿಆರ್ ಗೆಲ್ಲುವ ಜಾಗ ಒಂದಿದೆ. ಫಾಲ್ಟ್‌ನ ಎರಡು ಬದಿಯಲ್ಲಿ ಪದರಗಳು ಎಷ್ಟು ಜಾರಿವೆ, ಅಡ್ಡ ಕೊರೆದ ಬಾವಿ ಯಾವ ಪದರದೊಳಗೆ ಹೋಗಿದೆ ಎಂಬುದು ಒಳಗೆ ನಿಂತಾಗ ಥಟ್ಟನೆ ತಿಳಿಯುತ್ತದೆ. 1992ರಲ್ಲಿ ಶಿಕಾಗೋದ ಇಲಿನಾಯ್ ವಿಶ್ವವಿದ್ಯಾಲಯದವರು ಗೋಡೆಗಳ ಮೇಲೆಲ್ಲ ಚಿತ್ರ ಮೂಡಿಸುವ ಕೇವ್ ಕೋಣೆ ತೋರಿಸಿದರು. ಆಮೇಲೆ ಎಣ್ಣೆ ಕಂಪನಿಗಳು ಅಂಥ ಕೋಣೆಗಳಿಗೆ ದುಡ್ಡು ಹಾಕಿದ್ದು ಇದಕ್ಕೇ. ಹೊಸಬರಿಗೆ ತೋರಿಸಲು ನಾನೂ ಈಗ ಹೆಡ್‌ಸೆಟ್ಟನ್ನೇ ಕೊಡುತ್ತೇನೆ, ಒಂದೇ ದಿನಾಂಕ ಇಟ್ಟು.

ದಿನದ ಕೆಲಸಕ್ಕೆ ರೆಸ್‌ಇನ್‌ಸೈಟ್, ವರದಿಯ ಚಿತ್ರಗಳಿಗೆ ಪ್ಯಾರಾವ್ಯೂ. ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಹೆಡ್‌ಸೆಟ್ ಸದ್ಯಕ್ಕೆ ಬಿಡಿ, ಆ ದುಡ್ಡಿನಲ್ಲಿ ರ‍್ಯಾಮ್ ಹೆಚ್ಚಿಸಿಕೊಳ್ಳಿ.