ಬೇವಿನ ಕಡ್ಡಿ, ಬ್ರಷ್, ದಾರ: ವಸಡಿಗೆ ಯಾವುದು ಪಾಡು?

ಹಲ್ಲು ತಿಕ್ಕಿ ಉಗುಳಿದ ನೊರೆ ಕೆಂಪಗೆ ಕಂಡರೆ ನಮ್ಮ ಬಾಗಲಕೋಟೆ ಕಡೆ ಸಲಹೆಗೇನೂ ಬರವಿಲ್ಲ. ಒಬ್ಬರು "ಪೇಸ್ಟ್ ಬಿಡು, ಬೇವಿನ ಕಡ್ಡಿ ಹಿಡಿ" ಅಂತಾರೆ, ಇನ್ನೊಬ್ಬರು ಉಪ್ಪುನೀರು, ಮತ್ತೊಬ್ಬರು ಮೌತ್‌ವಾಶ್. ಇವಷ್ಟನ್ನೂ ಬಳಸಿ ನೋಡಿದೆ. ಡಾಕ್ಟರು ಹೇಳಿದ, ಹಲ್ಲಿನ ಸಂದಿ ಶುಚಿ ಮಾಡುವ ಫ್ಲಾಸ್ ದಾರವನ್ನೂ ಬಿಡಲಿಲ್ಲ.

ಬೇವಿನ ಕಡ್ಡಿಯ ಕಹಿ ನನಗೆ ಇಷ್ಟ. ತುದಿ ಜಗಿದು ಕುಂಚ ಮಾಡಿಕೊಂಡರೆ ಮುಂದಿನ ಹಲ್ಲು ನುಣ್ಣಗಾಗುತ್ತವೆ. ಆದರೆ ದವಡೆ ಹಲ್ಲಿನ ಒಳಮಗ್ಗುಲಿಗೆ ಕಡ್ಡಿ ತಿರುಗುವುದೇ ಇಲ್ಲ. ಫ್ಲೋರೈಡ್ ಪೇಸ್ಟಿನಿಂದ ಹುಳುಕಿಗೆ ಸಿಗುವ ರಕ್ಷಣೆಯೂ ಅದರಲ್ಲಿಲ್ಲ. ಗಡಿ ಹಳ್ಳಿಗಳಲ್ಲಿ ಹಚ್ಚುವ ಮಿಶ್ರಿಯನ್ನು ಈ ಪೈಪೋಟಿಗೇ ಸೇರಿಸಲಿಲ್ಲ. ಅದು ಹುರಿದ ತಂಬಾಕಿನ ಪುಡಿ, ಚಟ ಹತ್ತಿಸುತ್ತದೆ, ಬಾಯಿ ಕ್ಯಾನ್ಸರಿಗೆ ದಾರಿ.

ಉಪ್ಪುನೀರಿನಿಂದ ಊದಿದ ವಸಡಿಗೆ ಹಾಯೆನಿಸಿತು, ಅಷ್ಟೇ. ಹಲ್ಲಿಗಂಟಿದ ಲೋಳೆಯನ್ನು ಅದು ಕೀಳುವುದಿಲ್ಲ. ಡಾಕ್ಟರು ಬರೆದುಕೊಟ್ಟ 0.2% ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಮಾತ್ರ ಕೆಲಸ ಮಾಡಿತು. ಆದರೆ ಅದನ್ನು ಮುಕ್ಕಳಿಸಿ ರೊಟ್ಟಿಗೆ ಕೂತರೆ ಶೇಂಗಾ ಚಟ್ನಿಗೆ ರುಚಿಯೇ ಇಲ್ಲ! ಹೆಚ್ಚು ದಿನ ಬಳಸಿದರೆ ಹಲ್ಲಿಗೆ ಕಂದು ಕಲೆ ಬೇರೆ. ಎರಡು ವಾರದಾಚೆಗೆ ಕೇಳದೆ ಎಳೆಯುವ ಔಷಧ ಅಲ್ಲ ಅದು.

ಬ್ರಷ್‌ನಲ್ಲಿ ಸಾಫ್ಟ್ ಅನ್ನುವುದೇ ಸರಿ. ಗಟ್ಟಿ ಎಳೆಯದು ವಸಡನ್ನು ಹಿಂದೆ ಸರಿಸುತ್ತದೆ. 45 ಡಿಗ್ರಿ ಓರೆಯಾಗಿ ಹಿಡಿದು, ವಸಡು-ಹಲ್ಲು ಕೂಡುವ ಗೆರೆಯ ಮೇಲೆ ಮೆಲ್ಲಗೆ, ಎರಡು ನಿಮಿಷ. ಕರೆಂಟಿನ ಬ್ರಷ್ ಕೈ ನಡುಗುವವರಿಗೆ ಒಳ್ಳೆಯದು. ಉಳಿದವರು ಅದಕ್ಕೆ ಅಷ್ಟು ದುಡ್ಡು ಸುರಿಯಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ನಿಜವಾದ ಫರಕು ಗೊತ್ತಾದದ್ದು ಅಮೀನಗಡದ ಕರದಂಟು ತಿಂದ ರಾತ್ರಿ. ಚೆನ್ನಾಗಿ ಹಲ್ಲು ತಿಕ್ಕಿ, ಬಾಯಿ ತೊಳೆದು, ಆಮೇಲೆ ಹಿಂದಿನ ಎರಡು ದವಡೆ ಹಲ್ಲುಗಳ ಸಂದಿಗೆ ದಾರ ಇಳಿಸಿದೆ. ಅಂಟಿನ ಚೂರು, ಕೊಬ್ಬರಿಯ ಎಳೆ, ಜೊತೆಗೆ ಬಿಳಿ ಲೋಳೆ. ದಾರ ಮೂಸಿದರೆ ಸಾಕು, ಬಾಯಿ ವಾಸನೆ ಎಲ್ಲಿಂದ ಬರುತ್ತದೆಂದು ಯಾರೂ ಹೇಳಬೇಕಿಲ್ಲ. ವಸಡಿನ ರೋಗ ಬಹಳ ಸಲ ಶುರುವಾಗುವುದೂ ಈ ಸಂದಿಯಲ್ಲೇ, ಬ್ರಷ್ ಮುಟ್ಟದ ಕಡೆ. ಮೊದಮೊದಲು ದಾರಕ್ಕೆ ರಕ್ತ ಬಂತು, ಬಿಡದೆ ಮಾಡಿದ ಮೇಲೆ ಕಡಿಮೆಯಾಯಿತು. ಎರಡು ವಾರವಾದರೂ ನಿಲ್ಲದಿದ್ದರೆ ಡಾಕ್ಟರ ಹತ್ತಿರ ಹೋಗಲೇಬೇಕು. ಬರೀ ವಸಡು ಊದಿದ ಹಂತದಲ್ಲಿ ಪೂರ್ತಿ ವಾಸಿಯಾಗುತ್ತದೆ. ಹಲ್ಲು ಹಿಡಿದಿರುವ ಮೂಳೆ ಕರಗಿದರೆ ಅದು ತಾನಾಗಿ ಮರಳಿ ಬೆಳೆಯುವುದಿಲ್ಲ.

ಲೋಳೆ ಗಟ್ಟಿಯಾಗಿ ಗಾರೆ ಕಟ್ಟಿದ್ದರೆ ಮೇಲಿನ ಯಾವುದೂ ನಡೆಯದು, ಕ್ಲೀನಿಂಗ್ ಮಾಡಿಸಲೇಬೇಕು. "ಕ್ಲೀನ್ ಮಾಡಿಸಿದ್ರ ಹಲ್ಲು ಸಡ್ಲ ಆಗ್ತಾವ" ಅಂತ ನಮ್ಮ ಕಾಕಾ ವರ್ಷಗಟ್ಟಲೆ ಮುಂದೂಡಿದ್ದರು. ಸಡಿಲಾಗಿರುವುದು ಮೊದಲೇ, ಗಾರೆ ತೆಗೆದ ಮೇಲೆ ಗೊತ್ತಾಗುತ್ತದೆ. ಅವರಿಗೆ ಶುಗರ್ ಬೇರೆ ಇದೆ. ಶುಗರ್ ಹತೋಟಿ ತಪ್ಪಿದರೆ ವಸಡು ಬೇಗ ಕೆಡುತ್ತದೆ, ವಸಡು ಕೆಟ್ಟರೆ ಶುಗರ್ ಹತೋಟಿಗೆ ಬರುವುದೂ ಕಷ್ಟ. ದಾರ ಬೆರಳಿಗೆ ಸುತ್ತಿಕೊಳ್ಳುವ ತಾಳ್ಮೆ ಅವರಿಗಿಲ್ಲ. ಹಿಡಿಕೆಯಿರುವ ಪುಟ್ಟ ಸಂದಿ ಬ್ರಷ್ ತಂದುಕೊಟ್ಟೆವು. ಅವರ ಅಗಲ ಸಂದಿಗಳಿಗೆ ದಾರಕ್ಕಿಂತ ಅದೇ ಪಾಡು.