ಜೆಲ್ ಮ್ಯಾಟ್, ಬಲೆ ಮಂಚ, ಕೂಲಿಂಗ್ ಜಾಕೆಟ್: ಸೆಕೆಗೆ ನಾಯಿಗೆ ಯಾವುದು ವಾಸಿ?

ಮೂರನ್ನೂ ನಮ್ಮ ಲ್ಯಾಬ್ರಡಾರ್‌ಗೆ ಬಳಸಿ ನೋಡಿದ್ದೇನೆ. ನನ್ನ ಓಟು ಬಲೆ ಮಂಚಕ್ಕೆ. ಆದರೆ ಬರೀ ಮಂಚಕ್ಕಲ್ಲ.

ಜೆಲ್ ಮ್ಯಾಟ್‌ಗೆ ಕರೆಂಟ್ ಬೇಡ, ನೀರು ಬೇಡ. ನಾಯಿಯ ಮೈಶಾಖವನ್ನು ಒಳಗಿನ ಜೆಲ್ ಹೀರಿಕೊಳ್ಳುತ್ತದೆ. ಮಲಗಿದ ಕೂಡಲೇ ಹಾಯಾಗಿರುತ್ತದೆ, ನಿಜ. ಸ್ವಲ್ಪ ಹೊತ್ತಿಗೆ ಜೆಲ್ಲೇ ಬೆಚ್ಚಗಾಗುತ್ತದೆ. ಮತ್ತೆ ತಣಿಯಬೇಕಾದರೆ ನಾಯಿ ಎದ್ದು ಹೋಗಬೇಕು. ರೂಮೇ ಕಾದಿದ್ದರೆ ಅದೂ ನಿಧಾನ. ನಮ್ಮವಳು ಎದ್ದು ಬರಿ ನೆಲದ ಮೇಲೆ ಉರುಳಿಕೊಳ್ಳುತ್ತಿದ್ದಳು. ಸಿಕ್ಕಿದ್ದನ್ನೆಲ್ಲ ಕಚ್ಚಿ ಹರಿಯುವ ಮರಿ ಇದ್ದರಂತೂ ಇದು ಬೇಡವೇ ಬೇಡ. ಜೆಲ್ ಹೊಟ್ಟೆಗೆ ಹೋಗಬಾರದು.

ಬಲೆ ಮಂಚ ಅಂದರೆ ಗಿಡ್ಡ ಕಾಲಿನ, ಬಲೆ ಬಟ್ಟೆ ಬಿಗಿದ ಹಾಸಿಗೆ. ಹೊಟ್ಟೆಯ ಕೆಳಗೂ ಗಾಳಿ ಆಡುತ್ತದೆ. ಫ್ಯಾನ್ ಹಾಕಿದರೆ ಸಾಕಲ್ವಾ ಅನಿಸಬಹುದು. ಸಾಲದು. ನಮಗೆ ಮೈಯೆಲ್ಲ ಬೆವರುತ್ತದೆ, ಗಾಳಿ ಬೀಸಿದರೆ ಆ ಬೆವರು ಆರಿ ತಂಪಾಗುತ್ತದೆ. ನಾಯಿ ಬೆವರುವುದು ಮುಖ್ಯವಾಗಿ ಪಾದದ ಅಡಿಯಲ್ಲಿ. ಸೆಕೆಯಲ್ಲಿ ಉಳಿದ ಶಾಖ ಹೆಚ್ಚಾಗಿ ಏದುಸಿರಿನಲ್ಲೇ ಹೋಗಬೇಕು. ಹಾಗಾಗಿ ನಾನು ಅವಳ ಹೊಟ್ಟೆ, ತೊಡೆಸಂದು, ಪಾದ ಒದ್ದೆ ಮಾಡಿ, ಮಂಚದ ಮೇಲೆ ಮಲಗಿಸಿ ಫ್ಯಾನ್ ಹಾಕುತ್ತೇನೆ. ಬೆವರಿನ ಕೆಲಸವನ್ನು ಆ ನೀರು ಮಾಡುತ್ತದೆ. ಏದುಸಿರು ಇಳಿಯುವುದು ಕಣ್ಣಿಗೇ ಕಾಣುತ್ತದೆ. ಮ್ಯಾಟ್‌ನಲ್ಲಿ ನನಗೆ ಇದು ಕಂಡಿಲ್ಲ.

ಕೂಲಿಂಗ್ ಜಾಕೆಟ್ ಕೂಡ ಹೀಗೆಯೇ ನೀರು ಆರುವುದರಿಂದ ತಂಪು ಮಾಡುತ್ತದೆ, ನಾಯಿ ನಡೆಯುವಾಗಲೂ ಮೈಮೇಲಿರುತ್ತದೆ. ನೀರಲ್ಲಿ ಅದ್ದಿ, ಹಿಂಡಿ ತೊಡಿಸಬೇಕು. ಒಣಗಾಳಿಯಲ್ಲಿ ತುಂಬಾ ಚೆನ್ನಾಗಿದೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ದರೆ ನೀರು ಬೇಗ ಆರುವುದಿಲ್ಲ, ಒದ್ದೆ ಕಂಬಳಿ ಹೊದ್ದಂತೆ ಸೆಕೆ ಒಳಗೇ ಉಳಿಯುತ್ತದೆ. ಬೆನ್ನ ಮೇಲೆ ಒದ್ದೆ ಟವೆಲ್ ಹಾಕಿ ಬಿಟ್ಟರೂ ಇದೇ ಗತಿ. ಜಾಕೆಟ್ ಇದೆ ಅಂತ ಮಧ್ಯಾಹ್ನ ಹೊರಗೆ ಕರೆದೊಯ್ಯಬೇಡಿ. ಕಾದ ರಸ್ತೆ ಪಾದ ಸುಡುತ್ತದೆ.

ಬೆಕ್ಕು ಈ ಮೂರನ್ನೂ ಮೂಸಿ ನೋಡಿ ಬಚ್ಚಲಿನ ಟೈಲ್ಸ್‌ಗೆ ಹೋಯಿತು. ಅದಕ್ಕೆ ಅಲ್ಲೇ ಬಾಗಿಲು ತೆರೆದಿಡುತ್ತೇನೆ.

ಪಗ್, ಬುಲ್‌ಡಾಗ್ ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ ಏದುಸಿರಿನಿಂದ ಶಾಖ ಕಳೆಯುವುದೇ ಕಷ್ಟ. ಅವುಗಳ ಮೇಲೆ ಇನ್ನೂ ಹೆಚ್ಚು ಕಣ್ಣಿಡಿ. ನಾಯಿಯ ಮೈಬಿಸಿ ಸಾಮಾನ್ಯವಾಗಿ 38.3ರಿಂದ 39.2 ಡಿಗ್ರಿ ಸೆಲ್ಸಿಯಸ್. 41 ತಲುಪಿದರೆ ಜೀವಕ್ಕೇ ಅಪಾಯ. ನಿಲ್ಲದ ಏದುಸಿರು, ಅಂಟು ಜೊಲ್ಲು, ತೂರಾಟ ಕಂಡರೆ ಮ್ಯಾಟ್, ಜಾಕೆಟ್ ಹುಡುಕುತ್ತಾ ಕೂರಬೇಡಿ. ನೆರಳಿಗೆ ತಂದು ಮೈಮೇಲೆ ನೀರು ಸುರಿಯಿರಿ, ಗಾಳಿ ಬೀಸಿ, ತಡ ಮಾಡದೆ ಪಶುವೈದ್ಯರ ಹತ್ತಿರ ಹೊರಡಿ.