ಎಲೆಯುದುರಿದ ಮರಗಳಿಗೆ ಯಾವ ಫೋಟೋ ಬುಕ್? ಮೂರು ಬಗೆಯ ಮುದ್ರಣದ ವಿಮರ್ಶೆ

ಫೋಟೋ ಬುಕ್ ಸೇವೆಗಳು ತೋರಿಸುವ ಮಾದರಿ ಪುಟಗಳಲ್ಲಿ ನಗುವ ಮುಖಗಳು, ಬಣ್ಣದ ಬಟ್ಟೆಗಳು, ಕಡಲ ದಂಡೆ ಇರುತ್ತವೆ. ಅವನ್ನು ನೋಡಿ ಚಳಿಗಾಲದ ಮರಗಳ ಪುಸ್ತಕಕ್ಕೆ ಕಾಗದ ಆರಿಸಿದರೆ ಕೈಗೆ ಬಂದ ಪುಸ್ತಕ ನಿರಾಶೆ ಮಾಡುವ ಸಾಧ್ಯತೆಯೇ ಹೆಚ್ಚು. ಬೋಳು ಮರದ ಚೆಲುವೆಲ್ಲ ಗೆರೆಯಲ್ಲಿದೆ: ಕೂದಲೆಳೆಯಂಥ ರೆಂಬೆಗಳು, ಅವುಗಳ ಹಿಂದೆ ಬಿಳಿಗೆ ಹತ್ತಿರದ ಆಕಾಶ, ಕೆಳಗೆ ಕಪ್ಪಿಗೆ ಹತ್ತಿರದ ತೊಗಟೆ. ಸಣ್ಣ ಗೆರೆ, ತೆಳು ಬೂದು, ಗಾಢ ಕಪ್ಪು, ಈ ಮೂರರಲ್ಲೇ ಮುದ್ರಣ ಸೋಲುವುದು ಹೆಚ್ಚು. ಹಾಗಾಗಿ ಇಲ್ಲಿ ಮೂರು ಬಗೆಯ ಪುಸ್ತಕಗಳನ್ನು ಈ ಒಂದೇ ವಿಷಯದ ಅಳತೆಗೋಲಿನಿಂದ ನೋಡಲಾಗಿದೆ.

ಮೊದಲನೆಯದು ನಿಜವಾದ ಫೋಟೋ ಕಾಗದದ ಲೇಫ್ಲಾಟ್ ಪುಸ್ತಕ. ಇದರಲ್ಲಿ ಚಿತ್ರವನ್ನು ಸಿಲ್ವರ್ ಹ್ಯಾಲೈಡ್ (ಬೆಳಕಿಗೆ ಸ್ಪಂದಿಸುವ ಬೆಳ್ಳಿ ಲವಣ) ಕಾಗದದ ಮೇಲೆ ಬೆಳಕಿನಿಂದ ಮೂಡಿಸಿ, ರಾಸಾಯನಿಕಗಳಲ್ಲಿ ತೊಳೆಯುತ್ತಾರೆ. ಶಾಯಿ ಇಲ್ಲ, ಚುಕ್ಕೆಗಳೂ ಇಲ್ಲ. ಬೂದು ಬಣ್ಣ ಒಂದರಿಂದ ಇನ್ನೊಂದಕ್ಕೆ ತಡೆಯಿಲ್ಲದೆ ಹರಿಯುತ್ತದೆ. ಎದುರುಬದುರು ಎರಡು ಪುಟಗಳು ಒಂದೇ ಹಾಳೆಯಾಗಿದ್ದು, ನಡುವೆ ಮಡಿಸಿ ಬೆನ್ನಿಗೆ ಬೆನ್ನು ಅಂಟಿಸಿರುವುದರಿಂದ ಪುಸ್ತಕ ಪೂರ್ತಿ ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಅಗಲವಾಗಿ ಹರಡಿದ ಓಕ್ ಮರವನ್ನು ಎರಡೂ ಪುಟಕ್ಕೆ ಹಾಸಿದರೂ ಒಂದು ಕೊಂಬೆಯೂ ನಡುವೆ ಮುಳುಗುವುದಿಲ್ಲ. ಕೊರತೆಗಳೂ ಇವೆ. ಪುಟಗಳು ದಪ್ಪ, ಆದ್ದರಿಂದ ಹೆಚ್ಚು ಪುಟ ಹಾಕಲಾಗದು, ಪುಸ್ತಕ ಭಾರವಾಗುತ್ತದೆ. ಹೊಳಪಿನ ಮೇಲ್ಮೈ ಆರಿಸಿದರೆ ಕಪ್ಪು ತೊಗಟೆಯ ಮೇಲೆ ಕಿಟಕಿಯ ಬೆಳಕೂ ಬೆರಳಿನ ಗುರುತೂ ಎದ್ದು ಕಾಣುತ್ತವೆ. ಮ್ಯಾಟ್, ಅಂದರೆ ಹೊಳಪಿಲ್ಲದ್ದನ್ನು, ಆರಿಸಿಕೊಳ್ಳಿ. ಗಾಢ ಬಣ್ಣದ ಕಾಂಡವನ್ನು ಮಡಿಕೆಯ ಮೇಲೆ ಸರಿಯಾಗಿ ನಿಲ್ಲಿಸಲೂ ಬೇಡಿ. ಮೇಲ್ಪದರ ಅಲ್ಲಿ ಒಡೆದರೆ ಕಪ್ಪಿನ ನಡುವೆ ಬಿಳಿ ಗೆರೆ ಕಾಣುತ್ತದೆ.

ಎರಡನೆಯದು ಡಿಜಿಟಲ್ ಪ್ರೆಸ್‌ನಲ್ಲಿ, ಅಂದರೆ ಎಚ್‌ಪಿ ಇಂಡಿಗೊದಂಥ ಯಂತ್ರದಲ್ಲಿ, ಕೋಟೆಡ್ (ನುಣುಪು ಲೇಪವಿರುವ) ಕಾಗದದ ಮೇಲೆ ಅಚ್ಚಾದ ಪುಸ್ತಕ. ಇಲ್ಲಿ ಪ್ರತಿ ಛಾಯೆಯೂ ನಾಲ್ಕು ಬಣ್ಣದ ಚುಕ್ಕೆಗಳ ಜಾಲರಿ. ಇಂಚಿಗೆ 175 ಸಾಲಿನ ಜಾಲರಿಯಲ್ಲಿ ಒಂದು ಕೋಶ ಸುಮಾರು 0.145 ಮಿ.ಮೀ. ಇರುತ್ತದೆ. ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ ಎರಡು ಪಿಕ್ಸೆಲ್ ದಪ್ಪದ ರೆಂಬೆ ಕಾಗದದ ಮೇಲೆ 0.17 ಮಿ.ಮೀ. ಆಗುತ್ತದೆ. ಎಂದರೆ ಆ ರೆಂಬೆಯ ಪಾಲಿಗೆ ಹೆಚ್ಚುಕಡಿಮೆ ಒಂದೇ ಸಾಲು ಚುಕ್ಕೆ. ರೆಂಬೆ ಅಚ್ಚ ಕಪ್ಪಾಗಿದ್ದರೆ ಗೆರೆ ನಿಲ್ಲುತ್ತದೆ. ಆಕಾಶದ ಬೆಳಕಿನಲ್ಲಿ ಬೆರೆತು ಬೂದಾಗಿದ್ದರೆ ತುಂಡುತುಂಡಾಗುತ್ತದೆ. ಮರದ ನೆತ್ತಿಯ ಸಣ್ಣ ಕವಲುಗಳು ಹೊಗೆಯಂತೆ ಕಾಣುವುದಕ್ಕೆ ಇದೇ ಕಾರಣ, ಕ್ಯಾಮೆರಾ ಅಲ್ಲ. ಜೊತೆಗೆ ಬೂದು ಬಣ್ಣವನ್ನು ನಾಲ್ಕು ಬಣ್ಣ ಬೆರೆಸಿ ಮಾಡುವುದರಿಂದ ಅದು ಒಂದು ಪುಟದಲ್ಲಿ ಹಸಿರಿಗೂ ಇನ್ನೊಂದರಲ್ಲಿ ಗುಲಾಬಿಗೂ ವಾಲಬಹುದು. ಕಪ್ಪು ಬಿಳುಪಿನ ಪುಸ್ತಕದಲ್ಲಿ ಇದು ದೊಡ್ಡ ದೋಷ. ಇದರ ಬಲವಿರುವುದು ಪುಟಗಳ ಸಂಖ್ಯೆಯಲ್ಲಿ: ನೂರು ಪುಟ ದಾಟಿದರೂ ಪುಸ್ತಕ ಕೈಯಲ್ಲಿ ಹಿಡಿದು ಓದುವಂತಿರುತ್ತದೆ.

ಮೂರನೆಯದು ಅದೇ ಪ್ರೆಸ್, ಆದರೆ ಕೋಟಿಂಗ್ ಇಲ್ಲದ ಕಾಗದ. ಇದರಲ್ಲಿ ಕಪ್ಪು ಎಂದೂ ಪೂರ್ತಿ ಕಪ್ಪಾಗದು, ಕಡು ಬೂದಿನಲ್ಲೇ ನಿಂತುಬಿಡುತ್ತದೆ. ಚುಕ್ಕೆಗಳು ಹಿಗ್ಗಿ ನೆರಳುಗಳು ಕೂಡಿಕೊಳ್ಳುತ್ತವೆ. ಆದರೂ ಮಂಜು ಕವಿದ ಬೆಳಗು, ರೆಂಬೆಗೆ ಹಿಮ ಹೆಪ್ಪುಗಟ್ಟಿದ ಮರ, ಕೆಳಗೆ ಬಯಲು ಮೇಲೆ ಬಯಲು ಎನ್ನುವಂಥ ಚಿತ್ರಗಳಿಗೆ ಇದಕ್ಕಿಂತ ಒಪ್ಪುವ ಕಾಗದ ಇಲ್ಲ. ಮಂಜಿನ ಚಿತ್ರದಲ್ಲಿ ಗಾಢ ಕಪ್ಪು ಹೇಗೂ ಇರುವುದಿಲ್ಲ, ಕಾಗದದ ಮಿತಿ ಅಲ್ಲಿ ಅಡ್ಡಬರುವುದಿಲ್ಲ.

ಹೀಗಾಗಿ ನಮ್ಮ ಆಯ್ಕೆ: ಮೂವತ್ತು ನಲವತ್ತು ಪುಟದೊಳಗಿನ ಪುಸ್ತಕಕ್ಕೆ ಮ್ಯಾಟ್ ಲೇಫ್ಲಾಟ್, ಇಡೀ ಪುಸ್ತಕವೇ ಮಂಜು, ಇಬ್ಬನಿ ಆಗಿದ್ದರೆ ಕೋಟಿಂಗ್ ಇಲ್ಲದ್ದು, ಪುಟ ಜಾಸ್ತಿ ಬೇಕಾದಾಗ ಮಾತ್ರ ಕೋಟೆಡ್ ಪ್ರೆಸ್, ಅದೂ ಮ್ಯಾಟ್. ಹೊಳಪಿನ ಕೋಟೆಡ್ ಕಾಗದ ಈ ವಿಷಯಕ್ಕೆ ಹೇಳಿ ಮಾಡಿಸಿದ್ದಲ್ಲ.

ಯಾವ ಸೇವೆಯಾದರೂ ಸರಿ, ಆರ್ಡರ್ ಮಾಡುವ ಮೊದಲು ನೋಡಬೇಕಾದ್ದು ‘ಆಟೋ ಎನ್‌ಹಾನ್ಸ್’ ಎಂಬ ಗುಂಡಿ. ಇದು ಮೊದಲೇ ಆನ್ ಆಗಿರಬಹುದು. ಹಿಮ ತುಂಬಿದ ಚಿತ್ರ ಕಂಡರೆ ತಂತ್ರಾಂಶ ಅದನ್ನು ಬೆಳಕು ಹೆಚ್ಚಾದ ಚಿತ್ರವೆಂದು ತಿಳಿದು ಮಬ್ಬು ಮಾಡುತ್ತದೆ. ಮಂಜು ಕಂಡರೆ ಕಾಂಟ್ರಾಸ್ಟ್ ಏರಿಸಿ ಮಂಜನ್ನೇ ಅಳಿಸುತ್ತದೆ. ಇದನ್ನು ಆಫ್ ಮಾಡಲು ಬಿಡದ ಸೇವೆಯಲ್ಲಿ ಚಳಿಗಾಲದ ಪುಸ್ತಕ ಮಾಡಿಸಬೇಡಿ. ತಾನೇ ಪುಟ ಜೋಡಿಸುವ ಸೌಲಭ್ಯವೂ ಅಷ್ಟೇ: ಚೌಕಟ್ಟು ತುಂಬಿಸುವ ಅವಸರದಲ್ಲಿ ಮರದ ನೆತ್ತಿಯನ್ನೋ ಬುಡವನ್ನೋ ಕತ್ತರಿಸುತ್ತದೆ.

ಚಿತ್ರ ತೆಗೆಯುವಾಗ ಕ್ಯಾಮೆರಾದ ಮೀಟರ್ ಹಿಮವನ್ನೂ ಮೋಡದ ಆಕಾಶವನ್ನೂ ನಡುಬೂದು ಮಾಡಲು ನೋಡುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಹೆಚ್ಚು ಕಡಿಮೆ ಮಾಡುವ ಆಯ್ಕೆ) +1 ರಿಂದ +2 ರವರೆಗೆ ಕೊಡಿ, ಬೆಳಕಿನ ಹಂಚಿಕೆ ತೋರುವ ನಕ್ಷೆಯಾದ ಹಿಸ್ಟೋಗ್ರಾಮ್‌ನ ಬಲ ತುದಿ ಗೋಡೆಗೆ ಅಂಟದಂತೆ ನೋಡಿಕೊಳ್ಳಿ. ಸಾಧ್ಯವಿದ್ದರೆ ರಾ ಫೈಲ್ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್) ಇಟ್ಟುಕೊಳ್ಳಿ. ಹಿಮದ ಮೇಲಿನ ನೆರಳು ನೀಲಿಯಾಗಿರುವುದು ತಪ್ಪಲ್ಲ, ಅದನ್ನು ಬೆಳಗಿಸುತ್ತಿರುವುದು ನೀಲಿ ಆಕಾಶ. ಬಣ್ಣದ ಸಮತೋಲ ಸರಿಪಡಿಸುವ ವೈಟ್ ಬ್ಯಾಲೆನ್ಸ್‌ನಲ್ಲಿ ಅದನ್ನು ಪೂರ್ತಿ ತೊಡೆದರೆ ಬಿಸಿಲು ಬಿದ್ದ ಹಿಮ ಹಳದಿಯಾಗುತ್ತದೆ. ಕಡು ನೀಲಿ ಆಕಾಶದ ಬಣ್ಣವನ್ನು ಮಾತ್ರ ಒಂದಿಷ್ಟು ಇಳಿಸಿ. ಪ್ರೆಸ್ ಆ ನೀಲಿಯನ್ನು ನೇರಳೆಗೆ ತಿರುಗಿಸುತ್ತದೆ.

ಮುದ್ರಣಕ್ಕೆ ಫೈಲ್ ಸಿದ್ಧಪಡಿಸುವಾಗ ಎರಡು ತುದಿಗಳ ಕಡೆ ಗಮನವಿರಲಿ. ಫೈಲಿನಲ್ಲಿ 0 ಎಂದರೆ ಅಚ್ಚ ಕಪ್ಪು, 255 ಎಂದರೆ ಅಚ್ಚ ಬಿಳಿ, ಅಂದರೆ ಶಾಯಿಯೇ ಇಲ್ಲದ ಕಾಗದ. ಅಂಥ ಆಕಾಶವಿರುವ ಚಿತ್ರವನ್ನು ಬಿಳಿ ಪುಟದ ಮೇಲಿಟ್ಟರೆ ಚಿತ್ರದ ಅಂಚು ಮಾಯವಾಗಿ ಕೊಂಬೆಗಳು ಗಾಳಿಯಲ್ಲಿ ಕತ್ತರಿಸಿದಂತೆ ನಿಲ್ಲುತ್ತವೆ. ಅತಿ ಬಿಳಿ ಜಾಗವನ್ನು 240ರ ಆಸುಪಾಸಿಗೆ ತನ್ನಿ, ಇಲ್ಲವೇ ಚಿತ್ರಕ್ಕೆ ತೆಳು ಬೂದು ಅಂಚು ಹಾಕಿ. ತೊಗಟೆಯ ಬಿರುಕು ಕಾಣಬೇಕಾದ ಕಡೆ ನೆರಳನ್ನು ಕೋಟೆಡ್ ಕಾಗದಕ್ಕೆ ಸುಮಾರು 15ಕ್ಕೆ, ಕೋಟಿಂಗ್ ಇಲ್ಲದ್ದಕ್ಕೆ ಸುಮಾರು 25ಕ್ಕೆ ಎತ್ತಿ. ಇದೆಲ್ಲ ಕಣ್ಣಿಗೆ ಸರಿಯಾಗಿ ಕಾಣಬೇಕಾದರೆ ಮಾನಿಟರ್ ಬೆಳಕನ್ನು ಚದರ ಮೀಟರಿಗೆ 80–120 ಕ್ಯಾಂಡೆಲಾಕ್ಕೆ ಇಳಿಸಿರಬೇಕು. ಪುಸ್ತಕ ಕತ್ತಲಾಗಿ ಬಂತು ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಅತಿ ಬೆಳಕಿನ ಪರದೆ ಇರುತ್ತದೆ.

ರೆಂಬೆಗಳ ವಿಷಯಕ್ಕೆ ಬಂದರೆ, ಬೆಳ್ಳಗಿನ ಆಕಾಶದೆದುರು ಅವುಗಳ ಅಂಚಿಗೆ ನೇರಳೆ, ಹಸಿರು ಬಣ್ಣ ಹತ್ತಿರುತ್ತದೆ. ಪರದೆಯಲ್ಲಿ ಕಾಣದಿದ್ದರೂ ಸಾವಿರಾರು ರೆಂಬೆಗಳಲ್ಲಿ ಸೇರಿ ಇಡೀ ಮರಕ್ಕೇ ಬಣ್ಣ ಬಳಿಯುತ್ತದೆ. ಕ್ರೋಮ್ಯಾಟಿಕ್ ಅಬರೇಷನ್ ಎಂಬ ಈ ಲೆನ್ಸ್ ದೋಷವನ್ನು ತೆಗೆಯುವ ಆಯ್ಕೆಯನ್ನು ಮೊದಲೇ ಹಾಕಿ, ಆಮೇಲೆ ಅಂಚುಗಳನ್ನು ಚೂಪಾಗಿಸುವ ಶಾರ್ಪನಿಂಗ್. ಶಾರ್ಪನಿಂಗ್‌ನ ರೇಡಿಯಸ್ (ಅಂಚಿನ ಸುತ್ತ ಅದರ ಹರವು) 0.5–0.8 ಪಿಕ್ಸೆಲ್ ಸಾಕು. 2 ಪಿಕ್ಸೆಲ್‌ಗೆ ಏರಿಸಿದರೆ ಪ್ರತಿ ರೆಂಬೆಯ ಸುತ್ತ ಬಿಳಿ ಪಟ್ಟಿ ಮೂಡಿ ಮರ ಅಂಟಿಸಿದ ಚಿತ್ರದಂತಾಗುತ್ತದೆ. ಚಿತ್ರವನ್ನು ಮುದ್ರಣದ ಅಳತೆಗೆ ಇಳಿಸಿದ ಮೇಲೆಯೇ ಈ ಕೊನೆಯ ಶಾರ್ಪನಿಂಗ್ ಮಾಡಬೇಕು. ಜೆಪೆಗ್ ಗುಣಮಟ್ಟ 90ಕ್ಕಿಂತ ಕೆಳಗಿಳಿದರೆ ರೆಂಬೆಗಳ ನಡುವೆ ಕಸ ಕಟ್ಟುತ್ತದೆ. ಸೇವೆಯವರು ಬೇರೆ ಬಣ್ಣದ ಪ್ರೊಫೈಲ್ ಕೊಡದಿದ್ದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣ ವ್ಯವಸ್ಥೆಯಲ್ಲೇ ಕಳುಹಿಸಿ. ಮಂಜಿನ ಆಕಾಶದಲ್ಲಿ ಪಟ್ಟಿಪಟ್ಟಿ ಕಂಡರೆ ತೀರಾ ಸಣ್ಣ ಗ್ರೇನ್ (ಮರಳಿನಂಥ ಕಣ) ಸೇರಿಸಿದರೆ ಹೋಗುತ್ತದೆ.

ಅಳತೆಯ ಲೆಕ್ಕ ಹೀಗಿದೆ. 30 × 30 ಸೆಂ.ಮೀ. ಪುಟಕ್ಕೆ ಇಂಚಿಗೆ 300ರಂತೆ 3543 ಪಿಕ್ಸೆಲ್ ಬೇಕು, ಸುತ್ತಲೂ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಅಂಚು) ಸೇರಿದರೆ 3614. ಎರಡು ಪುಟಕ್ಕೆ ಹಾಸುವ ಚಿತ್ರಕ್ಕೆ 7087 ಪಿಕ್ಸೆಲ್ ಅಗಲ. 6000 ಪಿಕ್ಸೆಲ್ ಅಗಲದ 24 ಮೆಗಾಪಿಕ್ಸೆಲ್ ಚಿತ್ರ ಅಲ್ಲಿ ಇಂಚಿಗೆ 254ಕ್ಕೆ ಇಳಿಯುತ್ತದೆ. ತೋಳಿನಷ್ಟು ದೂರದಿಂದ ನೋಡುವ ಸ್ಪ್ರೆಡ್‌ಗೆ ಅದು ಸಾಲುತ್ತದೆ. ಆದರೆ ಕಾಡಿನ ದಟ್ಟ ಚಿತ್ರವನ್ನು ಪುಟದ ಕಾಲುಭಾಗಕ್ಕೆ ಕುಗ್ಗಿಸಿದರೆ ಎಷ್ಟೇ ಪಿಕ್ಸೆಲ್ ಇದ್ದರೂ ಉಪಯೋಗವಿಲ್ಲ, ರೆಂಬೆಗಳು ಬೂದು ಮಬ್ಬಾಗುತ್ತವೆ. ಸಣ್ಣ ಚೌಕಟ್ಟಿಗೆ ತೊಗಟೆ, ಮೊಗ್ಗು, ಒಂಟಿ ಕೊಂಬೆಯಂಥ ಹತ್ತಿರದ ಚಿತ್ರಗಳನ್ನೇ ಇಡಿ.

ಮರ ಎತ್ತರದ್ದು, ಹಾಗಾಗಿ ನಿಲುವಿನ ಪುಸ್ತಕ ಅದಕ್ಕೆ ಸಹಜವಾಗಿ ಒಪ್ಪುತ್ತದೆ. ಅಡ್ಡ ಪುಸ್ತಕದಲ್ಲಿ ಒಂಟಿ ಮರ ಕುಳ್ಳಗಾಗುತ್ತದೆ. ಪ್ರೆಸ್ ಪುಸ್ತಕ ಅಂಟಿನ ಬೈಂಡಿಂಗ್‌ನದಾದರೆ ಒಳ ಅಂಚಿನಿಂದ 12–15 ಮಿ.ಮೀ. ಒಳಗೆ ಮುಖ್ಯವಾದ ಯಾವ ಕೊಂಬೆಯೂ ಬರಬಾರದು. ಎಡಪುಟದಲ್ಲಿ ಮರದ ಪೂರ್ಣ ಆಕಾರ, ಬಲಪುಟದಲ್ಲಿ ಅದೇ ಮರದ ತೊಗಟೆ ಮತ್ತು ಮೊಗ್ಗು, ಈ ಜೋಡಣೆ ಪುಸ್ತಕಕ್ಕೆ ಜೀವ ಕೊಡುತ್ತದೆ. ಎಲೆಯಿಲ್ಲದಾಗ ಮರದ ಗುರುತು ಹತ್ತುವುದೇ ಅವುಗಳಿಂದ. ಆಶ್ ಮರದ ಮೊಗ್ಗು ಕಪ್ಪು, ಎದುರುಬದುರು ಜೋಡಿ. ಬೀಚ್‌ನದು ಉದ್ದ, ಚೂಪು. ಓಕ್‌ನಲ್ಲಿ ರೆಂಬೆಯ ತುದಿಗೆ ಮೊಗ್ಗುಗಳ ಗುಂಪು. ಹಾರ್ಸ್ ಚೆಸ್ಟ್‌ನಟ್‌ನ ದಪ್ಪ ಮೊಗ್ಗು ಅಂಟಂಟು, ಹೊಳೆಯುತ್ತದೆ. ಎಳೆಯ ಬೀಚ್, ಹಾರ್ನ್‌ಬೀಮ್, ಓಕ್‌ಗಳು ಒಣಗಿದ ಕಂದು ಎಲೆಗಳನ್ನು ಚಳಿಗಾಲ ಪೂರ್ತಿ ಬಿಡದೆ ಹಿಡಿದಿರುತ್ತವೆ. ಬೂದು ಪುಟಗಳ ನಡುವೆ ಬೆಚ್ಚಗಿನ ಬಣ್ಣ ಎಂದರೆ ಅದೊಂದೇ, ಹಾಗಾಗಿ ಅಂಥ ಚಿತ್ರಗಳನ್ನು ಒಂದೇ ಕಡೆ ಗುಡ್ಡೆ ಹಾಕದೆ ಹತ್ತು ಹನ್ನೆರಡು ಪುಟಕ್ಕೊಂದರಂತೆ ಹಂಚಿ.

ಚಿತ್ರದ ಕೆಳಗಿನ ಬರಹ ಅಚ್ಚ ಕಪ್ಪಿನಲ್ಲೇ ಇರಲಿ; ತೆಳು ಬೂದು ಅಕ್ಷರ ಪ್ರೆಸ್‌ನಲ್ಲಿ ಚುಕ್ಕೆಗಳಾಗಿ ಒಡೆಯುತ್ತದೆ. ಕನ್ನಡದಲ್ಲಿ ಬರೆಯುವವರು ಆನ್‌ಲೈನ್ ಎಡಿಟರ್ ಒತ್ತಕ್ಷರಗಳನ್ನು ಬಿಡಿಸಿ ಹಾಕುತ್ತದೆಯೇ ಎಂದು ಪ್ರಿವ್ಯೂನಲ್ಲಿ ಒಂದೊಂದೇ ಪದ ನೋಡಬೇಕು. ತೊಂದರೆ ಕಂಡರೆ ಫಾಂಟ್ ಅಡಕಗೊಳಿಸಿದ ಪಿಡಿಎಫ್ ಸ್ವೀಕರಿಸುವ ಸೇವೆಯೇ ಗತಿ.

ದೊಡ್ಡ ಪುಸ್ತಕಕ್ಕೆ ಮೊದಲು ಅದೇ ಕಾಗದದ ಅತಿ ಸಣ್ಣ ಅಳತೆಯಲ್ಲಿ ಒಂದು ಪರೀಕ್ಷಾ ಪುಸ್ತಕ ಮಾಡಿಸಿ. ಅದರಲ್ಲಿ ಒಂದೇ ಚಿತ್ರವನ್ನು ಮೂರು ಬೆಳಕಿನ ಮಟ್ಟದಲ್ಲಿ, ಮೂರು ಅಳತೆಯಲ್ಲಿ ಹಾಕಿ. ಅತಿ ಸಣ್ಣ ರೆಂಬೆಗಳ ಒಂದು ಚಿತ್ರ, ಅತಿ ಕಪ್ಪು ತೊಗಟೆಯದೊಂದು, ಬರೀ ಹಿಮದ್ದೊಂದು, ಕಪ್ಪು ಬಿಳುಪಿನದೊಂದು ಇರಲೇಬೇಕು. ಬಂದ ಮೇಲೆ ಹಗಲು ಬೆಳಕಿನಲ್ಲಿ ಕಿಟಕಿಯ ಬಳಿ ನೋಡಿ. ಎಲ್‌ಇಡಿ ದೀಪದಡಿ ಬೂದು ಬೇರೆಯೇ ಬಣ್ಣ ತೋರಿಸಬಹುದು. ಪುಟಗಳು ಬೆನ್ನಿನ ಉದ್ದಕ್ಕೂ ಅಲೆಯಲೆಯಾಗಿದ್ದರೆ ಕಾಗದದ ನಾರು ಅಡ್ಡಲಾಗಿದೆ ಎಂದರ್ಥ. ಅದು ಭಾರ ಹೇರಿದರೂ ಸರಿಹೋಗದು, ಬದಲಿ ಕೇಳಿ.